ಆಯಿಲ್ ಕಡ್ಡಿಯ ಎರಡು ಗೆರೆ

ಕೊಯಮತ್ತೂರಿನಿಂದ ಊಟಿಗೆ ಹೊರಟವರಿಗೆ ಬೆಟ್ಟ ಹತ್ತಿರವಾಯಿತು ಅನ್ನಿಸುವುದು ಕಾರಮಡೈಯಲ್ಲಿ. ರಂಗನಾಥಸ್ವಾಮಿ ದೇವಸ್ಥಾನದ ಊರು ದಾಟಿ, ಕರಿಬೇವಿನ ತೋಟಗಳನ್ನು ಹಿಂದೆ ಬಿಟ್ಟರೆ ಮೆಟ್ಟುಪಾಳ್ಯಂ, ಆಮೇಲೆ ಕಲ್ಲಾರು, ಅಲ್ಲಿಂದ ಏರುದಾರಿ. ಮೆಟ್ಟುಪಾಳ್ಯಂ ಸಮುದ್ರಮಟ್ಟದಿಂದ ಸುಮಾರು 325 ಮೀಟರ್ ಎತ್ತರದಲ್ಲಿದೆ, ಕೂನೂರು ಸುಮಾರು 1,850 ಮೀಟರ್. ಈ ಒಂದೂವರೆ ಸಾವಿರ ಮೀಟರನ್ನು ಹಳೆಯ ಅಂಬಾಸಿಡರ್ ಎರಡನೇ ಗೇರು, ಮೂರನೇ ಗೇರು ಎಂದು ಬದಲಿಸುತ್ತ, ಮೂತಿ ಮೇಲೆತ್ತಿಕೊಂಡು, ತಿರುವಿಗೊಮ್ಮೆ ಪಕ್ಕಕ್ಕೆ ವಾಲುತ್ತ ಹತ್ತಬೇಕು. ಎಂಜಿನ್ನಿನ ಕೆಳಗಿನ ಚೇಂಬರಿನಲ್ಲಿರುವ ನಾಲ್ಕು ಲೀಟರ್ ಚಿಲ್ಲರೆ ಆಯಿಲ್ ಕೂಡ ಅಷ್ಟು ಹೊತ್ತೂ ಹಿಂದಕ್ಕೆ, ಎಡಕ್ಕೆ, ಬಲಕ್ಕೆ ಸರಿಯುತ್ತಲೇ ಇರುತ್ತದೆ.

ಈ ಸೀಮೆಯ ಒಕ್ಕಲಿಗರ, ದೇವಾಂಗರ ಎಷ್ಟೋ ಮನೆಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು. ಅವರಿಗೆ ಇನ್ನೊಂದು ಘಾಟಿಯ ಪರಿಚಯವೂ ಉಂಟು. ಸತ್ಯಮಂಗಲ, ಬಣ್ಣಾರಿ ದಾಟಿ 27 ಹಿಮ್ಮುರಿ ತಿರುವುಗಳ ದಿಂಬಂ ಹತ್ತಿ, ಹಾಸನೂರಿನ ಕಾಡಿನ ನಡುವೆ ಚಾಮರಾಜನಗರ, ಮೈಸೂರು ಸೇರುವ ದಾರಿ ಅದು. ಹಳೆಯ ಕಾರನ್ನು ಪ್ರೀತಿಯಿಂದ ಇಟ್ಟುಕೊಂಡವರು ಈ ಎರಡು ಏರುಗಳ ನಡುವೆ ಇದ್ದಾರೆಂದರೆ, ಆಯಿಲ್ ಎಷ್ಟಿರಬೇಕು ಎಂಬುದು ಅವರಿಗೆ ಹೊರಡುವ ಮುನ್ನ ಉತ್ತರ ಬೇಕಾದ ಪ್ರಶ್ನೆ.

ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಕಡ್ಡಿ ಎಳೆ, ಒರೆಸು, ಮತ್ತೆ ಹಾಕು, ಎಳೆದು ನೋಡು. ಎರಡು ಗೆರೆಗಳ ನಡುವೆ ಇದ್ದರೆ ಸರಿ. ಆದರೆ ಹಳೆಯ ಕಾರು ಇಟ್ಟುಕೊಂಡ ನಾಲ್ವರನ್ನು ಕೇಳಿ, ನಾಲ್ಕು ಉತ್ತರ ಬರುತ್ತವೆ. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗಲೇ ನೋಡಬೇಕು ಎಂದು ಒಬ್ಬರು. ಬಿಸಿ ಮಾಡಿ, ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ನೋಡಬೇಕು ಎಂದು ಇನ್ನೊಬ್ಬರು. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದ ಕೂಡಲೇ ನೋಡಿದರೂ ನಡೆಯುತ್ತದೆ ಎಂದು ಮೂರನೆಯವರು. ಕಡ್ಡಿಯನ್ನೇ ನಂಬಬೇಡಿ, ಅಳೆದು ಹಾಕಿ ಎಂದು ನಾಲ್ಕನೆಯವರು. ಈ ನಾಲ್ಕನೆಯವರ ಮಾತೇ ಮಿಕ್ಕ ಮೂರಕ್ಕೂ ಬುಡ ಎಂಬುದು ನನ್ನ ನಂಬಿಕೆ. ಅಲ್ಲಿಗೆ ಬರುವ ಮೊದಲು ಮಿಕ್ಕವರ ಮಾತುಗಳಲ್ಲಿ ಎಷ್ಟು ಹುರುಳಿದೆ ನೋಡೋಣ.

ಓಡುವ ಎಂಜಿನ್ನಿನಲ್ಲಿ ಆಯಿಲ್ ಎಲ್ಲವೂ ಚೇಂಬರಿನಲ್ಲಿ ಇರುವುದಿಲ್ಲ. ಪಂಪು ಅದನ್ನು ಫಿಲ್ಟರಿಗೆ, ಅಲ್ಲಿಂದ ಕ್ರ್ಯಾಂಕಿನ ಬೇರಿಂಗುಗಳಿಗೆ, ಮೇಲೆ ರಾಕರ್ ಇರುವ ಟ್ಯಾಪೆಟ್ ಕವರಿನ ಒಳಕ್ಕೆ ತಳ್ಳಿರುತ್ತದೆ. ನಿಲ್ಲಿಸಿದ ಮೇಲೆ ಅದು ಗೋಡೆಗಳಿಂದ ಜಾರಿ ಕೆಳಗಿಳಿಯಲು ಸಮಯ ಬೇಕು. ನಿಲ್ಲಿಸಿದ ಅರ್ಧ ನಿಮಿಷಕ್ಕೇ ಕಡ್ಡಿ ಎಳೆದರೆ ಮಟ್ಟ ಕಡಿಮೆ ತೋರುತ್ತದೆ. ಕಡಿಮೆ ಕಂಡ ಕೂಡಲೇ ಅರ್ಧ ಲೀಟರ್ ಸುರಿಯುವುದು ಬಂಕಿನ ರೂಢಿ. ಮರುದಿನ ಬೆಳಿಗ್ಗೆ ನೋಡಿದರೆ ಮೇಲಿನ ಗೆರೆಯನ್ನೂ ದಾಟಿರುತ್ತದೆ. ಮೂರನೆಯವರ ಮಾತನ್ನು ಇಲ್ಲಿಗೇ ಬಿಡಬಹುದು.

ಮೊದಲನೆಯವರಿಗೂ ಎರಡನೆಯವರಿಗೂ ಇರುವ ಅಂತರ ಜನ ವಾದಿಸುವಷ್ಟು ದೊಡ್ಡದಲ್ಲ. ಆಯಿಲ್ ಬಿಸಿಯಾದರೆ ಹಿಗ್ಗುತ್ತದೆ, ಪ್ರತಿ ಡಿಗ್ರಿಗೆ ಸುಮಾರು ಹತ್ತು ಸಾವಿರದಲ್ಲಿ ಏಳು ಪಾಲು. ಕಾರಮಡೈಯ ಮುಂಜಾನೆಯ 25–30 ಡಿಗ್ರಿಯಿಂದ ಎಂಜಿನ್ನಿನ 90 ಡಿಗ್ರಿಗೆ ಏರಿದರೆ ನಾಲ್ಕು ಲೀಟರಿಗೆ ಸುಮಾರು 170 ಮಿಲಿಲೀಟರ್ ಹೆಚ್ಚುತ್ತದೆ. ಎರಡು ಗೆರೆಗಳ ನಡುವಿನ ಅಂತರ ಒಂದು ಲೀಟರ್ ಇದೆ ಎಂದಿಟ್ಟುಕೊಂಡರೆ ಇದು ಅದರ ಆರನೇ ಒಂದು ಪಾಲು. ಬಿಸಿಯಲ್ಲಿ ಹಿಗ್ಗಿದ್ದನ್ನು ಎಂಜಿನ್ನಿನ ಗೋಡೆಗೆ ಇನ್ನೂ ಅಂಟಿಕೊಂಡಿರುವ ಆಯಿಲ್ ಬಹುಮಟ್ಟಿಗೆ ಸರಿದೂಗಿಸುತ್ತದೆ. ಆದ್ದರಿಂದ ಹತ್ತು ನಿಮಿಷ ಬಿಟ್ಟು ನೋಡಿದ್ದಕ್ಕೂ ಬೆಳಿಗ್ಗೆ ನೋಡಿದ್ದಕ್ಕೂ ಕೂದಲೆಳೆಯ ವ್ಯತ್ಯಾಸ. ಹಾಗಿದ್ದೂ ನಾನು ಬೆಳಗಿನ ಪಕ್ಷ. ಅದರ ನಿಖರತೆಗಿಂತ ಅದು ಪ್ರತಿಸಲವೂ ಒಂದೇ ಸ್ಥಿತಿ ಎನ್ನುವುದು ಮುಖ್ಯ. ಕಾರು ಅದೇ ಜಾಗ, ಎಂಜಿನ್ ರಾತ್ರಿಯೆಲ್ಲ ತಣಿದದ್ದು, ಕೈ ಸುಡುವುದಿಲ್ಲ, ಅವಸರವಿಲ್ಲ. ಇಂದಿನ ಮಟ್ಟವನ್ನು ಕಳೆದ ವಾರದ ಮಟ್ಟದ ಜೊತೆ ಹೋಲಿಸಲು ಬರುವುದು ಆಗ ಮಾತ್ರ.

ಇದಕ್ಕೆ ಹೊರತಾದವೂ ಇವೆ. ಹಳೆಯ ಗಾಳಿತಂಪಿನ ಪೋರ್ಷೆ 911ರಲ್ಲಿ ಆಯಿಲ್ ಚೇಂಬರಿನಲ್ಲಿ ನಿಲ್ಲುವುದಿಲ್ಲ, ಬೇರೆ ಟ್ಯಾಂಕಿನಲ್ಲಿರುತ್ತದೆ. ಅದನ್ನು ಎಂಜಿನ್ ಪೂರ್ತಿ ಬಿಸಿಯಾಗಿ, ಓಡುತ್ತಿರುವಾಗಲೇ ನೋಡಬೇಕು. ತಣ್ಣಗಿದ್ದಾಗ ಕಡ್ಡಿ ತೋರಿದ್ದನ್ನು ನಂಬಿ ಸುರಿದವರು ಕೆಟ್ಟರು. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲನ್ನೂ ಬಹಳಷ್ಟು ಕಾರುಗಳಲ್ಲಿ ಎಂಜಿನ್ ಓಡುತ್ತಿರುವಾಗ ನೋಡುತ್ತಾರೆ. ಎಂಜಿನ್ ಆಯಿಲನ್ನೂ ಹಾಗೆಯೇ ನೋಡಬೇಕೆಂಬ ತಪ್ಪು ತಿಳಿವಳಿಕೆಗೆ ಬಹುಶಃ ಅದೇ ಮೂಲ. ಹಳೆಯ ಮಿನಿಯಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಒಂದೇ ಆಯಿಲ್, ಅಲ್ಲಿ ಕಡ್ಡಿ ಎಳೆದರೆ ಎರಡನ್ನೂ ನೋಡಿದಂತೆ.

ಕಡ್ಡಿಯೇ ಇಲ್ಲದ ಕಾರುಗಳೂ ಇದ್ದವು. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಎಂಜಿನ್ನಿನ ಕೆಳಭಾಗದಲ್ಲಿ ಎರಡು ಪುಟ್ಟ ನಲ್ಲಿಗಳಿದ್ದವು, ಒಂದು ಮೇಲೆ, ಒಂದು ಕೆಳಗೆ. ಮೇಲಿನದನ್ನು ತಿರುಗಿಸಿದಾಗ ಆಯಿಲ್ ಸುರಿದರೆ ಹೆಚ್ಚಾಗಿದೆ. ಕೆಳಗಿನದರಲ್ಲೂ ಬಾರದಿದ್ದರೆ ಹಾಕಬೇಕು. ಮಟ್ಟ ಈ ಎರಡರ ನಡುವೆ ಇರಬೇಕು. ಕಾರಿನಡಿ ನುಗ್ಗಿ, ಇಕ್ಕಳದಲ್ಲಿ ನಲ್ಲಿ ತಿರುಗಿಸಿ ನೋಡುವ ಕೆಲಸ ಅದು. ಇಂದಿನ ಕೆಲವು ಹೊಸ ಕಾರುಗಳಲ್ಲಿ ಮತ್ತೆ ಕಡ್ಡಿ ಇಲ್ಲ, ಮೀಟರ್ ಬೋರ್ಡಿನ ಪರದೆ ಮಟ್ಟ ಹೇಳುತ್ತದೆ. ನಡುವಿನ ಎಂಬತ್ತು ತೊಂಬತ್ತು ವರ್ಷ ಲೋಕವನ್ನು ನಡೆಸಿದ್ದು ಒಂದು ತೆಳು ಉಕ್ಕಿನ ಕಡ್ಡಿ.

ಆ ಕಡ್ಡಿ ಒಂದು ಎಂಜಿನ್ನಿಗೆ, ಒಂದು ಚೇಂಬರಿಗೆ, ಒಂದು ಕೊಳವೆಗೆ, ಕಾರಿನ ಒಂದು ನಿಲುವಿಗೆ ಅಳೆದು ಮಾಡಿದ್ದು. ಈ ನಾಲ್ಕರಲ್ಲಿ ಒಂದು ಬದಲಾದರೂ ಅದು ಹೇಳುವುದು ಸುಳ್ಳಾಗುತ್ತದೆ. ನಮ್ಮ ದೇಶದ ಹಳೆಯ ಕಾರುಗಳಲ್ಲಿ ನಾಲ್ಕೂ ಹಾಗೇ ಉಳಿದಿರುವುದು ಅಪರೂಪ.

ನಿಲುವನ್ನೇ ಮೊದಲು ನೋಡಿ. ಮಳೆನೀರು ಒಳಗೆ ಬರಬಾರದೆಂದು ಮನೆಗಳ ಪೋರ್ಟಿಕೋವನ್ನು ಬೀದಿಗಿಂತ ಎತ್ತರಿಸಿ ಕಟ್ಟುತ್ತಾರೆ, ಮುಂದೆ ಇಳಿಜಾರು ಬಿಡುತ್ತಾರೆ. ಕಾರು ಎಷ್ಟೋ ಮನೆಗಳಲ್ಲಿ ಆ ಇಳಿಜಾರಿನಲ್ಲೇ ಅರ್ಧ ನಿಂತಿರುತ್ತದೆ. ಇಪ್ಪತ್ತು ಅಡಿಗೆ ಒಂದು ಅಡಿ ಏರುವ ಇಳಿಜಾರು ಕಣ್ಣಿಗೆ ಏನೂ ಅಲ್ಲ. ಆದರೆ 40 ಸೆಂಟಿಮೀಟರ್ ಉದ್ದದ ಚೇಂಬರಿನಲ್ಲಿ ಒಂದು ತುದಿಗೂ ಇನ್ನೊಂದು ತುದಿಗೂ ಆಯಿಲ್ ಮಟ್ಟ ಎರಡು ಸೆಂಟಿಮೀಟರ್ ಬೇರೆಯಾಗುತ್ತದೆ. ಕಡ್ಡಿ ನಡುವಿನಿಂದ ಹತ್ತು ಸೆಂಟಿಮೀಟರ್ ಆಚೆ ಇದ್ದರೆ ಅರ್ಧ ಸೆಂಟಿಮೀಟರ್ ತಪ್ಪು. ಗೆರೆಗಳ ನಡುವೆ ಇರುವುದೇ ಒಂದೂವರೆ ಎರಡು ಸೆಂಟಿಮೀಟರ್; ಅಂದರೆ ಕಾಲು ಲೀಟರಿಗೂ ಹೆಚ್ಚು ಸುಳ್ಳು. ಬಿಸಿ, ತಂಪು ಎಂದು ವಾದಿಸುವುದಕ್ಕಿಂತ ಕಾರನ್ನು ಸಮನೆಲಕ್ಕೆ ತಳ್ಳುವುದು ಹೆಚ್ಚು ಲಾಭದ ಕೆಲಸ. ಡಾಂಬರು ರಸ್ತೆಯ ಅಂಚು ಸಮನೆಲವಲ್ಲ, ನೀರು ಹರಿಯಲೆಂದು ಅದನ್ನು ಇಳಿಜಾರಾಗಿಯೇ ಹಾಕಿರುತ್ತಾರೆ. ದೇವಸ್ಥಾನದ ಮುಂದಿನ ಬಯಲು, ಕಲ್ಯಾಣ ಮಂಟಪದ ಅಂಗಳ, ಗ್ಯಾರೇಜಿನ ಸಿಮೆಂಟು ನೆಲ ಇವು ವಾಸಿ. ಒಂದು ಅಗಲ ತಟ್ಟೆಯಲ್ಲಿ ನೀರಿಟ್ಟು ನೋಡಿದರೆ ನೆಲದ ಗುಟ್ಟು ತಿಳಿಯುತ್ತದೆ.

ಎಂಜಿನ್ನಿನ ಕತೆ ಇನ್ನೂ ದೊಡ್ಡದು. ಅಂಬಾಸಿಡರ್ ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಬಹುಕಾಲ ಅದರೊಳಗೆ ಇದ್ದದ್ದು 1489 ಸಿ.ಸಿ.ಯ ಬಿ.ಎಂ.ಸಿ. ಪೆಟ್ರೋಲ್ ಎಂಜಿನ್. ಆಮೇಲೆ ಡೀಸೆಲ್ ಬಂತು, 1990ರ ದಶಕದಲ್ಲಿ ಇಸುಜುವಿನ 1.8 ಲೀಟರ್ ಪೆಟ್ರೋಲ್ ಎಂಜಿನ್ ಬಂತು, 2014ರಲ್ಲಿ ಅದನ್ನು ತಯಾರಿಸುತ್ತಿದ್ದ ಉತ್ತರಪಾರಾದ ಕಾರ್ಖಾನೆ ನಿಂತಿತು. ಮಹೀಂದ್ರಾ ಜೀಪಿನದು ಮೊದಲು ವಿಲ್ಲೀಸ್ ಪೆಟ್ರೋಲ್ ಎಂಜಿನ್, ಆಮೇಲೆ ಪೀಜೋ ಡೀಸೆಲ್. ಕಂಪನಿ ಮಾಡಿದ ಬದಲಾವಣೆಗಳು ಇವಾದರೆ, ಪೆಟ್ರೋಲ್ ದುಬಾರಿಯಾದಾಗ ಮಾಲೀಕರು ಮಾಡಿಸಿಕೊಂಡ ಬದಲಾವಣೆಗಳು ಇನ್ನೆಷ್ಟೋ. ಫಿಯೆಟ್ಟಿಗೆ ಡೀಸೆಲ್ ಎಂಜಿನ್, ಪೆಟ್ರೋಲ್ ಅಂಬಾಸಿಡರಿಗೆ ಗುಜರಿಯಿಂದ ತಂದ ಬೇರೆ ಎಂಜಿನ್. ಕೊಯಮತ್ತೂರು ಪಂಪ್‌ಸೆಟ್ಟು, ಫೌಂಡ್ರಿ, ಲೇತುಗಳ ನಾಡು. ಎಂಜಿನ್ ಕೂರಿಸಲು ಬೇಕಾದ ಯಾವ ಬ್ರ್ಯಾಕೆಟ್ಟನ್ನಾದರೂ ಸಂಜೆಯೊಳಗೆ ಮಾಡಿಕೊಡುವ ಕೈಗಳು ಇಲ್ಲಿವೆ. 1920ರಲ್ಲಿ ಪೊಳ್ಳಾಚಿ–ಪಳನಿ ನಡುವೆ ಒಂದೇ ಒಂದು ಬಸ್ಸು ಓಡಿಸಿ ಉದ್ಯಮ ಶುರುಮಾಡಿದ ಜಿ.ಡಿ. ನಾಯ್ಡು ಬೆಳೆದ ಊರು ಇದು; ಅವರ ಹೆಸರಿನ ಬಳಗ 2015ರಲ್ಲಿ ತೆರೆದ ಕಾರು ವಸ್ತುಸಂಗ್ರಹಾಲಯವೂ ಇಲ್ಲೇ ಇದೆ. ಇಂಥ ಊರಿನಲ್ಲಿ ಎಂಜಿನ್ ಬದಲಿಸುವುದು ಸುಲಭವಾಯಿತು. ಕಡ್ಡಿಯ ಕಡೆ ಗಮನ ಹೋಗಲಿಲ್ಲ. ಹಳೆಯ ಕೊಳವೆಗೆ ಯಾವುದೋ ಕಡ್ಡಿ, ಮುರಿದ ಕಡ್ಡಿಗೆ ಇನ್ನೊಂದರ ತುದಿ ಬೆಸೆದದ್ದು, ಕೊಳವೆ ಸಡಿಲಾಗಿ ಒಂದು ಬೆರಳು ಮೇಲೆದ್ದು ಕೂತದ್ದು. ಗೆರೆ ಇದೆ, ಆದರೆ ಅದು ಬೇರೆ ಎಂಜಿನ್ನಿನ ಗೆರೆ.

ಐವತ್ತು ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಹೆಚ್ಚು ಬದಲಾಗದ ವಾಹನಗಳಿಗೆ ವಿಂಟೇಜ್ ನೋಂದಣಿ ಕೊಡುವ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದಿತು. ಆ ನೋಂದಣಿ ಬಯಸುವವರು ಮೂಲ ಎಂಜಿನ್ನನ್ನು ಹುಡುಕಿ ತಂದು ಮತ್ತೆ ಕೂರಿಸಲು ಹೊರಟಿದ್ದರೆ ಒಳ್ಳೆಯದೇ. ಎಂಜಿನ್ನಿನ ಜೊತೆ ಅದರ ಕೊಳವೆ, ಅದರ ಕಡ್ಡಿ ಎರಡನ್ನೂ ಕೇಳಿ ತನ್ನಿ.

ಇನ್ನು ಪುಸ್ತಕದ ಮಾತು. ಮೂಲ ಮ್ಯಾನ್ಯುಯಲ್ ಇದ್ದವರು ಪುಣ್ಯವಂತರು, ಆದರೆ ಅದರಲ್ಲೂ ಒಂದು ಮೋಸ ಕಾದಿದೆ. ಇಂಗ್ಲೆಂಡಿನ ಮೂಲದ ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್, ಮಾರಿಸ್ ಮೈನರ್‌ಗಳ ಹಳೆಯ ಪುಸ್ತಕಗಳು ಆಯಿಲನ್ನು ಪೈಂಟುಗಳಲ್ಲಿ ಹೇಳುತ್ತವೆ. ಇಂಗ್ಲಿಷ್ ಪೈಂಟು 568 ಮಿಲಿಲೀಟರ್, ಅಮೆರಿಕದ ಪೈಂಟು 473. ಎಂಟು ಪೈಂಟು ಎಂದು ಓದಿ ಅಮೆರಿಕದ ಲೆಕ್ಕ ಹಿಡಿದರೆ 3.8 ಲೀಟರ್, ಇಂಗ್ಲೆಂಡಿನ ಲೆಕ್ಕದಲ್ಲಿ 4.5. ನಡುವಿನ ಮುಕ್ಕಾಲು ಲೀಟರ್ ಎಂದರೆ ಕಡ್ಡಿಯ ಎರಡು ಗೆರೆಗಳ ನಡುವಿನ ಹೆಚ್ಚುಕಡಿಮೆ ಪೂರ್ತಿ ಅಂತರ. ಜೀಪು ಅಮೆರಿಕದ್ದು; ವಿಲ್ಲೀಸ್ ಎಂಜಿನ್ನಿಗೆ ನಾಲ್ಕು ಕ್ವಾರ್ಟ್, ಫಿಲ್ಟರ್ ಸೇರಿದರೆ ಐದು, ಅಂದರೆ ಸುಮಾರು 4.7 ಲೀಟರ್. ಫಿಯೆಟ್ಟಿನ ಇಟಲಿ ಪುಸ್ತಕಗಳು ಆಯಿಲನ್ನು ಕಿಲೋಗ್ರಾಮಿನಲ್ಲೂ ಕೊಡುತ್ತಿದ್ದವು. ಆಯಿಲ್ ನೀರಿಗಿಂತ ಹಗುರ, ಒಂದು ಕಿಲೋ ಎಂದರೆ ಸುಮಾರು 1.13 ಲೀಟರ್. ಕಿಲೋವನ್ನೇ ಲೀಟರ್ ಎಂದುಕೊಂಡರೆ ಪ್ರತಿ ಆಯಿಲ್ ಬದಲಾವಣೆಯಲ್ಲೂ ಸುಮಾರು ಒಂಬತ್ತರಲ್ಲಿ ಒಂದು ಪಾಲು ಕಡಿಮೆ ಬೀಳುತ್ತದೆ. ಫಿಲ್ಟರ್ ಸೇರಿಸಿ ಹೇಳಿದ ಲೆಕ್ಕವೋ ಬಿಟ್ಟು ಹೇಳಿದ್ದೋ ಎಂಬುದನ್ನೂ ನೋಡಬೇಕು. ಹೊಸ ಫಿಲ್ಟರ್ ಹಾಕಿದ ಮೇಲೆ ಎಂಜಿನ್ನನ್ನು ಎರಡು ನಿಮಿಷ ಓಡಿಸಿ, ನಿಲ್ಲಿಸಿ, ಫಿಲ್ಟರ್ ಕುಡಿದದ್ದನ್ನು ತುಂಬದಿದ್ದರೆ ಆ ಅರ್ಧ ಲೀಟರ್ ಮುಂದಿನ ಸರ್ವೀಸಿನವರೆಗೂ ಕಡಿಮೆಯೇ.

ಕಡಿಮೆಯಾದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಬೇರಿಂಗ್ ಹೋಗುತ್ತದೆ. ಹೇಗೆ ಹೋಗುತ್ತದೆ ಎಂಬುದನ್ನು ಘಾಟಿಯ ಜನ ತಿಳಿದಿರಬೇಕು. ಬಯಲಿನಲ್ಲಿ ಕೆಳಗಿನ ಗೆರೆಯ ಮಟ್ಟದಲ್ಲೂ ಪಂಪಿನ ಜಾಲರಿ ಆಯಿಲಿನಲ್ಲಿ ಮುಳುಗಿರುತ್ತದೆ. ಅದೇ ಕಾರು ಕೂನೂರು ಘಾಟಿಯ ಬರ್ಲಿಯಾರಿನ ಏರಿನಲ್ಲಿ ಮೂತಿ ಎತ್ತಿದಾಗ, ಅಥವಾ ದಿಂಬಂ ಇಳಿಯುತ್ತ ಬ್ರೇಕ್ ಒತ್ತಿ ತಿರುವಿಗೆ ವಾಲಿದಾಗ ಆಯಿಲ್ ಒಂದು ಕಡೆ ಸರಿದು ಜಾಲರಿ ಗಾಳಿ ಹೀರಬಹುದು. ಗೇಜಿನ ಮುಳ್ಳು ಒಂದು ಕ್ಷಣ ಬಿದ್ದು ಮತ್ತೆ ಏರುತ್ತದೆ. ಅದನ್ನು ಗೇಜಿನ ದೋಷ ಎಂದುಕೊಂಡು ಓಡಿಸುವವರೇ ಹೆಚ್ಚು. ಗೇಜಿನ ಬದಲು ಕೆಂಪು ದೀಪ ಮಾತ್ರ ಇರುವ ಕಾರುಗಳ ಪಾಡು ಇನ್ನೂ ಕಷ್ಟ. ಅದು ಒತ್ತಡದ ದೀಪ, ಮಟ್ಟದ ದೀಪವಲ್ಲ. ಒತ್ತಡ ತೀರ ಕುಸಿದಾಗಲಷ್ಟೇ ಹೊತ್ತುತ್ತದೆ. ಅದು ಮಿಣುಕಿದ ತಿರುವಿನಲ್ಲೇ ಬದಿಗೆ ನಿಲ್ಲಿಸಬೇಕು.

ಹೆಚ್ಚಾದರೂ ಕೇಡು, ಇದನ್ನು ನಂಬುವವರು ಕಡಿಮೆ. ಇರಲಿ ಬಿಡಿ, ಏರು ಹತ್ತುವಾಗ ಬೇಕಾಗುತ್ತದೆ ಎಂದು ಒಂದು ಬೆರಳು ಹೆಚ್ಚು ಹಾಕಿಸುವುದು ನಮ್ಮಲ್ಲಿ ಒಳ್ಳೆಯ ಮನಸ್ಸಿನಿಂದಲೇ ನಡೆಯುತ್ತದೆ. ಮಟ್ಟ ಮೇಲೇರಿದರೆ ಕ್ರ್ಯಾಂಕು ಆಯಿಲನ್ನು ಮಜ್ಜಿಗೆ ಕಡೆದಂತೆ ಕಡೆಯುತ್ತದೆ. ನೊರೆ ಏಳುತ್ತದೆ, ಪಂಪು ನೊರೆ ಎಳೆಯುತ್ತದೆ, ಒತ್ತಡ ಬೀಳುತ್ತದೆ. ಕಡಿಮೆ ಇದ್ದಾಗಿನ ಕೇಡೇ ಬೇರೆ ದಾರಿಯಲ್ಲಿ ಬಂದಂತಾಯಿತು. ಅಂಬಾಸಿಡರಿನ ಹಳೆಯ ಬಿ.ಎಂ.ಸಿ. ಎಂಜಿನ್ನಿಗೆ ಇನ್ನೊಂದು ದೌರ್ಬಲ್ಯ. ಕ್ರ್ಯಾಂಕಿನ ಹಿಂತುದಿಯಲ್ಲಿ ಅದಕ್ಕೆ ಈಗಿನ ಹಾಗೆ ರಬ್ಬರ್ ಸೀಲ್ ಇಲ್ಲ. ಆಯಿಲನ್ನು ಹಿಂದಕ್ಕೆ ಮರಳಿಸುವ ತಿರುಪಿನಂಥ ಕೊರೆತ ಮಾತ್ರ ಇದೆ. ಮಟ್ಟ ಹೆಚ್ಚಾದರೆ, ಅದರಲ್ಲೂ ಏರಿನಲ್ಲಿ, ಆಯಿಲ್ ಅಲ್ಲಿಂದ ಹಿಂದಕ್ಕೆ ಸೋರಿ ಕ್ಲಚ್ ಪ್ಲೇಟ್ ತಲುಪುತ್ತದೆ. ಕ್ಲಚ್ ಜಾರುತ್ತದೆ. ಕ್ಲಚ್ ಪ್ಲೇಟ್ ಬದಲಿಸಿ ಆಯಿಲ್ ಮಟ್ಟ ನೋಡದೆ ಕಳಿಸಿದರೆ ಆರು ತಿಂಗಳಿಗೆ ಅದೇ ರೋಗ ಮರಳುತ್ತದೆ.

ಹಾಗಾದರೆ ಗೆರೆಗಳ ನಡುವೆ ಎಲ್ಲಿ? ಬೆಟ್ಟಕ್ಕೆ ಹೊರಟಿದ್ದರೆ ಮೇಲಿನ ಗೆರೆಯನ್ನು ಮುಟ್ಟುವಷ್ಟು, ದಾಟದೆ. ಬಯಲಿನ ಓಡಾಟಕ್ಕೆ ಮುಕ್ಕಾಲು ಮಟ್ಟ ಸಾಕು. ಕೆಲವು ಸವೆದ ಎಂಜಿನ್ನುಗಳು ಮೇಲಿನ ಗೆರೆಯವರೆಗೆ ತುಂಬಿದರೆ ಮೊದಲ ಇನ್ನೂರು ಮುನ್ನೂರು ಮಿಲಿಲೀಟರನ್ನು ಬೇಗ ಚೆಲ್ಲಿಕೊಂಡು, ಆಮೇಲೆ ಒಂದು ಮಟ್ಟದಲ್ಲಿ ನೂರಾರು ಕಿಲೋಮೀಟರ್ ಅಲುಗದೆ ನಿಲ್ಲುತ್ತವೆ. ಆ ಎಂಜಿನ್ನಿಗೆ ಅದೇ ಮಟ್ಟ. ಮತ್ತೆ ಮತ್ತೆ ತುಂಬಿ ರಸ್ತೆಗೆ ಆಯಿಲ್ ಕೊಡಬೇಕಾದ್ದಿಲ್ಲ.

ಮಟ್ಟ ಇಳಿಯುವುದಕ್ಕಿಂತ ಹೆದರಬೇಕಾದ್ದು, ಏನೂ ಹಾಕದೆ ಮಟ್ಟ ಏರುವುದಕ್ಕೆ. ಎಂಜಿನ್ನಿಗೆ ಅಂಟಿಕೊಂಡಿರುವ ಹಳೆಯ ಮೆಕ್ಯಾನಿಕಲ್ ಪೆಟ್ರೋಲ್ ಪಂಪಿನ ಡಯಾಫ್ರಾಂ ಹರಿದರೆ ಪೆಟ್ರೋಲ್ ನೇರ ಚೇಂಬರಿಗೆ ಇಳಿಯುತ್ತದೆ. ಕಡ್ಡಿ ತುಂಬಿದೆ ಎನ್ನುತ್ತದೆ, ಒಳಗಿರುವುದು ನೀರಾದ ಆಯಿಲ್. ಕಡ್ಡಿಯನ್ನು ಮೂಗಿಗೆ ಹಿಡಿದರೆ ಒಂದು ಕ್ಷಣದಲ್ಲಿ ತಿಳಿಯುತ್ತದೆ. ಹೆಡ್ ಗ್ಯಾಸ್ಕೆಟ್ ಹೋಗಿ ರೇಡಿಯೇಟರ್ ನೀರು ಸೇರಿದರೆ ಮಜ್ಜಿಗೆಯ ಬಣ್ಣದ ಕೆನೆ ಕಾಣುತ್ತದೆ. ಎರಡರಲ್ಲಿ ಯಾವುದು ಕಂಡರೂ ಎಂಜಿನ್ ಸ್ಟಾರ್ಟ್ ಮಾಡಬಾರದು. ಕಣ್ಣು ಮಾತ್ರ ಸಾಲದು; ಮೂಗು, ಬೆರಳು ಎರಡೂ ಬೇಕು. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತು ಮದುವೆಗೋ ಕಾರಮಡೈ ತೇರಿಗೋ ಹೊರಬರುವ ಕಾರುಗಳಲ್ಲಿ ಇದು ಇನ್ನೂ ಮುಖ್ಯ. ಅಂಥ ಕಾರಿನಲ್ಲಿ ಫಿಲ್ಟರಿನ ಆಯಿಲೂ ಕೆಳಗಿಳಿದಿರುವುದರಿಂದ ಕಡ್ಡಿ ತುಸು ಹೆಚ್ಚೇ ತೋರುತ್ತದೆ ಎಂಬುದೂ ನೆನಪಿರಲಿ.

ನೋಡುವ ಬಗೆಯ ಬಗ್ಗೆ ಒಂದೆರಡು ಮಾತು. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಕಡ್ಡಿ ಒರೆಸುವುದು ತಿರುಪ್ಪೂರಿನ ಬನಿಯನ್ ವೇಸ್ಟಿನಲ್ಲಿ. ಅಗ್ಗ, ಆಯಿಲನ್ನು ಚೆನ್ನಾಗಿ ಹೀರುತ್ತದೆ, ಆದರೆ ದಾರದ ಎಳೆ ಬಿಡುತ್ತದೆ. ಆ ಎಳೆಗಳು ಕಡ್ಡಿಯ ಜೊತೆ ಒಳಗೆ ಹೋಗಿ ಪಂಪಿನ ಜಾಲರಿಯಲ್ಲಿ ಸೇರುತ್ತವೆ. ಹಳೆಯ ಪಂಚೆಯ ತುಂಡು ಒಗೆದು ಇಟ್ಟುಕೊಳ್ಳಿ. ಕಡ್ಡಿಯನ್ನು ತಳಕ್ಕೆ ಕೂರುವವರೆಗೆ ಒತ್ತಿ, ಎಳೆದು, ಎರಡೂ ಮುಖ ನೋಡಿ. ಕೊಳವೆಯ ಗೋಡೆಗೆ ತಗುಲಿ ಒಂದು ಮುಖದಲ್ಲಿ ಹೆಚ್ಚು ಕಂಡರೆ ಕಡಿಮೆ ಇರುವ ಮುಖವೇ ನಿಜ. ಹೊಸ ಆಯಿಲ್ ತಿಳಿಯಾಗಿದ್ದು ಕಾಣದಿದ್ದರೆ ಕಡ್ಡಿಯ ತುದಿಯನ್ನು ಸಣ್ಣ ಎಮರಿ ಕಾಗದದಲ್ಲಿ ಉಜ್ಜಿ ಮಾಸಲು ಮಾಡಿ, ಗೆರೆ ಮಾತ್ರ ಅಳಿಯದಂತೆ.

ಈಗ ನಾಲ್ಕನೆಯವರ ಮಾತು. ಮುಂದಿನ ಸಲ ಆಯಿಲ್ ಬದಲಿಸುವಾಗ ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಬಿಸಿಯಿದ್ದಾಗಲೇ ಡ್ರೈನ್ ನಟ್ಟು ಬಿಚ್ಚಿ, ಪೂರ್ತಿ ಸೋರಲು ಬಿಡಿ. ನಿಮ್ಮಲ್ಲಿರುವ ಎಂಜಿನ್ ಯಾವುದು ಎಂದು ಬ್ಲಾಕಿನ ನಂಬರಿನಿಂದ ಖಚಿತ ಮಾಡಿಕೊಂಡು, ಅದರ ಪುಸ್ತಕದ ಲೆಕ್ಕವನ್ನು ಲೀಟರಿಗೆ ತನ್ನಿ. ಹೊಸ ಫಿಲ್ಟರ್ ಹಾಕಿ, ಪೂರ್ತಿ ಪ್ರಮಾಣಕ್ಕಿಂತ ಒಂದು ಲೀಟರ್ ಕಡಿಮೆ ಅಳೆದು ಸುರಿಯಿರಿ. ಎರಡು ನಿಮಿಷ ಓಡಿಸಿ, ಕಾಲು ಗಂಟೆ ಬಿಟ್ಟು ಕಡ್ಡಿ ನೋಡಿ, ಮಟ್ಟ ನಿಂತಲ್ಲಿ ಅರದಿಂದ ಸಣ್ಣ ಗುರುತು ಮಾಡಿ. ಅದು ನಿಮ್ಮ ಕೆಳಗೆರೆ. ಉಳಿದ ಲೀಟರ್ ಹಾಕಿ ಇನ್ನೊಂದು ಗುರುತು ಮಾಡಿ. ಅದು ಮೇಲ್ಗೆರೆ. ಕಂಪನಿಯ ಗೆರೆಗೂ ಇದಕ್ಕೂ ತಾಳೆಯಾದರೆ ಸಂತೋಷ. ಆಗದಿದ್ದರೆ ಇಷ್ಟು ವರ್ಷ ನಿಮ್ಮ ಕಾರು ಯಾವ ತಪ್ಪು ಮಟ್ಟದಲ್ಲಿ ಬೆಟ್ಟ ಹತ್ತಿತ್ತು ಎಂದು ತಿಳಿಯುತ್ತದೆ. ಕಡ್ಡಿಯೇ ಬೇರೆ ಎಂಜಿನ್ನಿನದಾಗಿದ್ದರೆ ಯಾವುದಾದರೂ ಲೇತಿನವರು ಹೊಸದನ್ನು ಮಾಡಿಕೊಡುತ್ತಾರೆ.

ಇಡೀ ಕೆಲಸ ಒಂದು ಬೆಳಗಿನದು. ಅಳತೆ ಜಗ್ಗು, ಅರ, ಒಂದು ತುಂಡು ಪಂಚೆ, ಸಮನೆಲ ಇಷ್ಟೇ ಬೇಕು. ಮುಂದಿನ ಘಾಟಿಗೆ ಮೊದಲು ಮಾಡಿ ಮುಗಿಸಿ.